ಐಸಿಯು ಬಾಗಿಲಿನ ಒಳಗೆ, ಹೊರಗೆ

(ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಯ ವತಿಯಿಂದ 2022ರ ಮೇ 15ರ ಭಾನುವಾರ ಸಾಂತಾಕ್ರೂಜ್ ಪೂರ್ವದಲ್ಲಿ ಜರಗಿದ ದಾದಿಯರ ದಿನಾಚರಣೆಯಲ್ಲಿ, ಉಪನಗರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ನಮ್ಮ ಸದಸ್ಯೆಯೊಬ್ಬರು ಮಾಡಿದ ಭಾಷಣದ ಬರಹರೂಪ ಇದು. ಅವರ ಅಪೇಕ್ಷೆಯಂತೆ ಹೆಸರು ಪ್ರಕಟಿಸಿಲ್ಲ.)



ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಗೌರವಿಸಿದ್ದೀರಿ. ಇದನ್ನು ನಾನು ನನ್ನ ಜೊತೆ ಕೆಲಸ ಮಾಡಿದ ಎಲ್ಲ ಸಿಸ್ಟರ್, ವಾರ್ಡ್ ಬಾಯ್, ಆಯಾಗಳ ಪರವಾಗಿ ಸ್ವೀಕರಿಸುತ್ತೇನೆ. ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಐಸಿಯುನಲ್ಲಿ ನಮ್ಮ ಮಾತು ಕೇಳುವವರು ಹೆಚ್ಚಾಗಿ ತಿರುಗಿ ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ನೀವು ಹಾಗಲ್ಲ, ಪ್ರಶ್ನೆ ಕೇಳುತ್ತೀರಿ. ಅದಕ್ಕೇ ಸ್ವಲ್ಪ ಹೆದರಿಕೆ.

"ಕೊರೊನಾ ಹೋಯಿತಲ್ಲ, ಈಗ ಯಾಕೆ ಆ ವಿಷಯ" ಎಂದು ಕೆಲವರಿಗೆ ಅನಿಸಬಹುದು. ಸಮಿತಿಯವರು ನನ್ನಲ್ಲಿ ಒಂದು ಪ್ರಶ್ನೆ ಕೇಳಿದರು. ಆ ಎರಡು ವರ್ಷಗಳಲ್ಲಿ ಐಸಿಯು ಬಿಲ್ಲು ಹಿಡಿದುಕೊಂಡು ನೆರವು ಕೇಳಲು ಬಂದವರು ಬಹಳ ಮಂದಿ. ಅಷ್ಟು ಹಣ ಅಲ್ಲಿ ಯಾವುದಕ್ಕೆ ಹೋಗುತ್ತದೆ? ಸಂಘ ಕೊಡುವ ಸಣ್ಣ ಮೊತ್ತವನ್ನು ಎಲ್ಲಿ ಕೊಟ್ಟರೆ ಜೀವಕ್ಕೆ ಉಪಯೋಗವಾಗುತ್ತದೆ? ಒಳ್ಳೆಯ ಪ್ರಶ್ನೆ. ನಾನು ಡಾಕ್ಟರ್ ಅಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತು ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಮೊದಲು ಕಾಯಿಲೆಯ ವಿಷಯ. ನಮ್ಮ ಶ್ವಾಸಕೋಶದಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಿವೆ. ಗಾಳಿಯಲ್ಲಿರುವ ಆಮ್ಲಜನಕ ರಕ್ತಕ್ಕೆ ಸೇರುವುದು ಅಲ್ಲಿ. ಕೊರೊನಾ ತೀವ್ರವಾದಾಗ ಅಲ್ಲಿ ಉರಿಯೂತ ಬಂದು ನೀರು ತುಂಬುತ್ತದೆ. ಹಗುರವಾಗಿರಬೇಕಾದ ಶ್ವಾಸಕೋಶ ನೆನೆದ ಸ್ಪಂಜಿನ ಹಾಗೆ ಆಗುತ್ತದೆ. ಮನುಷ್ಯ ಎಷ್ಟು ಜೋರಾಗಿ ಉಸಿರೆಳೆದರೂ ರಕ್ತಕ್ಕೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ.

ಈ ಕಾಯಿಲೆಯ ಕೆಟ್ಟ ಗುಣ ಏನೆಂದರೆ ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ 85ಕ್ಕೆ ಇಳಿದಿರುತ್ತದೆ, ಅವರು ಮಾತ್ರ ಕುಳಿತು ಚಹಾ ಕುಡಿಯುತ್ತಾ ಮೊಬೈಲ್ ನೋಡುತ್ತಿರುತ್ತಾರೆ. ಆರೋಗ್ಯವಂತರಿಗೆ ಆ ಅಂಕಿ 95ರ ಮೇಲೆ ಇರುತ್ತದೆ. 94ಕ್ಕಿಂತ ಕೆಳಗೆ ಇಳಿದರೆ ತಡ ಮಾಡದೆ ವೈದ್ಯರಿಗೆ ತೋರಿಸಬೇಕು ಎಂದು ಆಗ ಎಲ್ಲ ಕಡೆ ಹೇಳುತ್ತಿದ್ದುದು ಇದಕ್ಕೇ.

ನನ್ನ ಅಕ್ಕನ ಗಂಡ, ನಮ್ಮ ಭಾವ, ವಾಕೋಲಾದಲ್ಲಿದ್ದರು. ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದವರು. ಸಕ್ಕರೆ ಕಾಯಿಲೆ ಇತ್ತು. 2021ರ ಏಪ್ರಿಲ್‌ನಲ್ಲಿ ಜ್ವರ ಬಂತು. ಐದನೆಯ ದಿನ ರಾತ್ರಿ ನನಗೆ ಫೋನ್ ಮಾಡಿ, "ಈ ಮೆಷಿನ್ 91 ತೋರಿಸ್ತದೆ. ನನಗೇನೂ ಆಗಲಿಲ್ಲ ಮಾರಾಯ್ತಿ, ಇದೇ ಹಾಳಾಗಿರ್ಬೇಕು" ಅಂದರು. ನಾನು ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದೆ. ಪಿಪಿಇ ಕಿಟ್ ಒಳಗೆ ಆರು ಗಂಟೆ ನೀರು ಕುಡಿಯದೆ ನಿಂತವಳು. "ಬೆರಳು ತಣ್ಣಗಿದ್ದರೆ ಹಾಗೆ ತೋರಿಸ್ತದೆ ಭಾವ, ಕೈ ಉಜ್ಜಿ ಇನ್ನೊಮ್ಮೆ ನೋಡಿ" ಅಂದು ಮಲಗಿಬಿಟ್ಟೆ. ಹೇಳಿದ ಮಾತು ಸುಳ್ಳಲ್ಲ, ತಣ್ಣಗಿನ ಬೆರಳಲ್ಲಿ ಅಂಕಿ ತಪ್ಪಬಹುದು. ಆದರೆ ಉಜ್ಜಿದ ಮೇಲೆ ಎಷ್ಟು ಬಂತು ಎಂದು ನಾನು ಕೇಳಲಿಲ್ಲ. ಐಸಿಯುನಲ್ಲಿ ಯಾವ ರೋಗಿಯ ವಿಷಯದಲ್ಲೂ ನಾನು ಹಾಗೆ ಮಾಡಿದವಳಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ಐಸಿಯುಗೆ ಬಂದ ಮೇಲೆ ನಾವು ಏನು ಮಾಡುತ್ತೇವೆ? ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹಂತ. ಮೊದಲು ಮೂಗಿಗೆ ಸಣ್ಣ ನಳಿಗೆ, ನಿಮಿಷಕ್ಕೆ ಎರಡರಿಂದ ಆರು ಲೀಟರ್ ಆಮ್ಲಜನಕ. ಸಾಲದಿದ್ದರೆ ಚೀಲ ಇರುವ ಮಾಸ್ಕ್, ನಿಮಿಷಕ್ಕೆ ಹದಿನೈದು ಲೀಟರ್ ತನಕ. ಅದೂ ಸಾಲದಿದ್ದರೆ ಬೆಚ್ಚಗೆ, ತೇವ ಮಾಡಿದ ಆಮ್ಲಜನಕವನ್ನು ನಿಮಿಷಕ್ಕೆ ಅರುವತ್ತು ಲೀಟರ್ ತನಕ ಮೂಗಿಗೆ ಕೊಡುವ ಹೈ ಫ್ಲೋ ಯಂತ್ರ. ಕೆಲವರಿಗೆ ಮುಖಕ್ಕೆ ಬಿಗಿಯಾಗಿ ಕಟ್ಟುವ ಮಾಸ್ಕಿನ ಬೈಪ್ಯಾಪ್. ಕೊನೆಯದು ಗಂಟಲಿಗೆ ನಳಿಗೆ ಹಾಕಿ ವೆಂಟಿಲೇಟರ್.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ನೀವು ಲಾರಿಗಳಲ್ಲಿ ನೋಡಿದ ಆ ಎತ್ತರದ ಜಂಬೋ ಸಿಲಿಂಡರಿನಲ್ಲಿ ಸುಮಾರು ಏಳು ಸಾವಿರ ಲೀಟರ್ ಆಮ್ಲಜನಕ ಇರುತ್ತದೆ. ಹದಿನೈದು ಲೀಟರಿನ ಮಾಸ್ಕಿಗೆ ಹಾಕಿದರೆ ಒಬ್ಬ ರೋಗಿಗೆ ಏಳೂವರೆ ಗಂಟೆ ಬರುತ್ತದೆ. ಅರುವತ್ತು ಲೀಟರಿನ ಹೈ ಫ್ಲೋ ಯಂತ್ರಕ್ಕೆ ಹಾಕಿದರೆ ಎರಡು ಗಂಟೆಯೂ ಬರುವುದಿಲ್ಲ. ಎರಡನೆಯ ಅಲೆಯಲ್ಲಿ ಮುಂಬಯಿ ಯಾಕೆ ನಡುಗಿತು ಎಂದು ಇದರಿಂದ ತಿಳಿಯುತ್ತದೆ. 2021ರ ಏಪ್ರಿಲ್ 17ರಂದು ಬೆಳಗಾಗುವ ಮುಂಚೆ, ಆಮ್ಲಜನಕ ಸಾಲದೆ ಹೋಗುವ ಭಯದಿಂದ ಪಾಲಿಕೆಯ ಆರು ಆಸ್ಪತ್ರೆಗಳಿಂದ 168 ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಅದಾಗಿ ಎರಡು ವಾರದಲ್ಲಿ ನಮ್ಮ ಕರ್ನಾಟಕದ ಚಾಮರಾಜನಗರದಿಂದ, ಒಂದೇ ದಿನದಲ್ಲಿ 24 ರೋಗಿಗಳು ತೀರಿಕೊಂಡ ಸುದ್ದಿ ಬಂತು. ಆ ದಿನ ನಮ್ಮ ಐಸಿಯುನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರ ಕಣ್ಣು ಗೋಡೆಯ ಮೇಲಿನ ಪ್ರೆಶರ್ ಮೀಟರಿನ ಮೇಲೆಯೇ.

ಇನ್ನು ವೆಂಟಿಲೇಟರ್. ಅದರ ಬಗ್ಗೆ ಜನರಲ್ಲಿ ಎರಡು ನಂಬಿಕೆ. ಹಾಕಿದರೆ ಬದುಕುತ್ತಾರೆ ಎಂದು ಕೆಲವರು, ಹಾಕಿದರೆ ಮುಗಿಯಿತು ಎಂದು ಕೆಲವರು. ಎರಡೂ ಸರಿಯಲ್ಲ. ವೆಂಟಿಲೇಟರ್ ಯಾವ ರೋಗವನ್ನೂ ಗುಣಪಡಿಸುವುದಿಲ್ಲ. ಶ್ವಾಸಕೋಶ ತಾನಾಗಿ ಚೇತರಿಸಿಕೊಳ್ಳುವ ತನಕ ಉಸಿರಾಡುವ ದುಡಿಮೆಯನ್ನು ಅದು ಮಾಡುತ್ತದೆ, ಅಷ್ಟೆ. ಅದು ರೋಗಿಗೆ ಕೊಡುವುದು ದಿನಗಳನ್ನು. ಆ ದಿನಗಳಲ್ಲಿ ಸೋಂಕು ತಗಲದಂತೆ, ಮೂತ್ರಪಿಂಡ ಕೈಕೊಡದಂತೆ, ರಕ್ತ ಹೆಪ್ಪುಗಟ್ಟದಂತೆ, ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವುದು ಮನುಷ್ಯರ ಕೆಲಸ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಂಟಲಿನ ಕಫ ತೆಗೆಯಬೇಕು. ಬಾಯಿ ಸ್ವಚ್ಛ ಮಾಡಬೇಕು. ರೆಪ್ಪೆ ಮುಚ್ಚದ ಕಣ್ಣು ಒಣಗದಂತೆ ಮುಲಾಮು ಹಚ್ಚಬೇಕು. ಮೂಗಿನ ನಳಿಗೆಯಲ್ಲಿ ಊಟ ಕೊಡಬೇಕು. ಸಕ್ಕರೆ ನೋಡಿ ಇನ್ಸುಲಿನ್ ಕೊಡಬೇಕು.

ಮಗುಚಿ ಮಲಗಿಸುವುದೂ ಒಂದು ಚಿಕಿತ್ಸೆ. ಹೊಟ್ಟೆ ಕೆಳಗಾಗಿ ಮಲಗಿದಾಗ ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಳ್ಳುತ್ತದೆ. ಇದು ಕೊರೊನಾ ಬಂದ ಮೇಲೆ ಕಂಡುಹಿಡಿದದ್ದಲ್ಲ. ತೀವ್ರ ಶ್ವಾಸಕೋಶ ವೈಫಲ್ಯದಲ್ಲಿ ದಿನಕ್ಕೆ ಸುಮಾರು ಹದಿನಾರು ಗಂಟೆ ಹಾಗೆ ಮಲಗಿಸಿದರೆ ಸಾವು ಕಡಿಮೆಯಾಗುತ್ತದೆ ಎಂದು 2013ರಲ್ಲೇ ಫ್ರಾನ್ಸಿನ ವೈದ್ಯರು ತೋರಿಸಿದ್ದರು. ಔಷಧಿಯ ಖರ್ಚಿಲ್ಲ. ಆದರೆ ಪ್ರಜ್ಞೆಯಿಲ್ಲದ ಎಂಬತ್ತು ಕಿಲೋದ ಮನುಷ್ಯನನ್ನು, ಗಂಟಲ ನಳಿಗೆ ಜಾರದಂತೆ, ಸೂಜಿ ಕೀಳದಂತೆ ಮಗುಚಲು ಐದಾರು ಜನ ಬೇಕು. ತಲೆಯ ಹತ್ತಿರ ನಿಂತವರು ನಳಿಗೆ ಹಿಡಿದು ಎಣಿಸುತ್ತಾರೆ, ಉಳಿದವರು ಒಟ್ಟಿಗೆ ಎತ್ತುತ್ತಾರೆ. ಪುನಃ ಅಂಗಾತ ಮಾಡಲು ಅಷ್ಟೇ ಜನ. ಆರು ಜನ ಇಲ್ಲದ ರಾತ್ರಿ ಯಂತ್ರ ಇದ್ದೂ ಆ ಚಿಕಿತ್ಸೆ ಇಲ್ಲ.

ನಮಗೆ ಪಾಠ ಹೇಳಿದ ಹಿರಿಯ ಡಾಕ್ಟರೊಬ್ಬರು ಒಂದು ಕಥೆ ಹೇಳುತ್ತಿದ್ದರು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತುಹೋದ 31 ರೋಗಿಗಳಲ್ಲಿ ಮೊದಲ ಕೆಲವು ವಾರಗಳಲ್ಲಿ 27 ಮಂದಿ ಸತ್ತರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಲ್ಲಿ ರಂಧ್ರ ಮಾಡಿಸಿ, ನಳಿಗೆ ಹಾಕಿ, ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತಿ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಅಷ್ಟು ರೋಗಿಗಳಿಗೆ ಕೊಡಲು ಯಂತ್ರಗಳಿರಲಿಲ್ಲ. ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಹಗಲೂ ರಾತ್ರಿ ಚೀಲ ಒತ್ತಿದರು. ಸಾಯುವವರ ಸಂಖ್ಯೆ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿಂದ. ಅದು ಕೈಗಳಿಂದ ಹುಟ್ಟಿದ್ದು, ಇವತ್ತಿಗೂ ಕೈಗಳಿಂದಲೇ ನಡೆಯುವುದು.

ಈಗ ಔಷಧಿಯ ಮಾತು. ನಮ್ಮ ಜನ ಹೆಚ್ಚು ಹಣ ಕಳೆದುಕೊಂಡದ್ದು ಇಲ್ಲೇ. ತೀವ್ರ ಕೊರೊನಾದಲ್ಲಿ ಸಾವನ್ನು ಕಡಿಮೆ ಮಾಡುತ್ತದೆ ಎಂದು ಮೊತ್ತಮೊದಲು ಖಚಿತವಾಗಿ ಗೊತ್ತಾದ ಔಷಧಿ ಡೆಕ್ಸಾಮೆಥಾಸೋನ್. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ದೊಡ್ಡ ಪ್ರಯೋಗವೊಂದು ಅದನ್ನು ತೋರಿಸಿತು. ವೆಂಟಿಲೇಟರಿನಲ್ಲಿದ್ದವರಲ್ಲಿ ಸಾವು ಮೂರನೆಯ ಒಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೆಯ ಒಂದು ಪಾಲು ಕಡಿಮೆಯಾಯಿತು. ದಿನಕ್ಕೆ ಆರು ಮಿಲಿಗ್ರಾಂ, ಹತ್ತು ದಿನ. ಕೆಲವೇ ರೂಪಾಯಿಯ ಹಳೆಯ ಔಷಧಿ. ಆದರೆ ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಲಾಭ ಕಾಣಲಿಲ್ಲ. ಅದನ್ನು ಕೇಳಿಸಿಕೊಳ್ಳದೆ ಮನೆಯಲ್ಲೇ ಮೊದಲ ದಿನದಿಂದ ಸ್ಟೀರಾಯ್ಡ್ ನುಂಗಿದವರಿದ್ದಾರೆ. ಸಕ್ಕರೆ ಏರಿತು. ಕೆಲವರಿಗೆ ಕಪ್ಪು ಶಿಲೀಂಧ್ರ ಎಂದು ಕರೆದ ರೋಗ ಬಂದು ಕಣ್ಣೇ ತೆಗೆಯಬೇಕಾಯಿತು.

ಇನ್ನೊಂದು ಕಡೆ ರೆಮ್‌ಡೆಸಿವಿರ್. ಆಸ್ಪತ್ರೆಯಲ್ಲಿದ್ದ ಕೆಲವು ರೋಗಿಗಳಿಗೆ ವೈದ್ಯರು ಅದನ್ನು ಕೊಡುತ್ತಿದ್ದರು. ಆದರೆ ಅದು ಸಂಜೀವಿನಿ ಎನ್ನುವುದಕ್ಕೆ ಆಧಾರ ಇರಲಿಲ್ಲ. 2020ರ ನವೆಂಬರ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಯ ರೋಗಿಗಳಿಗೆ ಅದನ್ನು ಶಿಫಾರಸು ಮಾಡುವುದಿಲ್ಲ ಎಂದಿತ್ತು. 2021ರ ಏಪ್ರಿಲ್‌ನಲ್ಲಿ ಕಂಪೆನಿಗಳ ದರ ಒಂದು ಬಾಟಲಿಗೆ 899 ರೂಪಾಯಿಯಿಂದ 3,490 ರೂಪಾಯಿಯ ತನಕ ಇತ್ತು. ಕಾಳಸಂತೆಯಲ್ಲಿ ಅದರ ಎಷ್ಟೋ ಪಟ್ಟು. ಪ್ಲಾಸ್ಮಾದ ಕಥೆಯೂ ಅಷ್ಟೇ. ಅದರಿಂದ ಸಾವು ಕಡಿಮೆಯಾಗುವುದಿಲ್ಲ ಎಂದು ನಮ್ಮ ದೇಶದ್ದೇ ಪ್ರಯೋಗ 2020ರಲ್ಲಿ ತೋರಿಸಿತ್ತು. ಚಿಕಿತ್ಸಾ ಸೂಚಿಯಿಂದ ಅದನ್ನು ತೆಗೆದದ್ದು 2021ರ ಮೇ 17ರಂದು. ನಡುವಿನ ಅಷ್ಟು ತಿಂಗಳು ದಾನಿಗಳನ್ನು ಹುಡುಕಿ ಜನ ಅಲೆದರು.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಮರುದಿನ ಡ್ಯೂಟಿ ಮುಗಿಸಿ ಕಿಟ್ ಕಳಚಿ ಫೋನ್ ತೆಗೆದರೆ ಅಕ್ಕನ ಹನ್ನೊಂದು ಮಿಸ್ಡ್ ಕಾಲ್. ಭಾವನಿಗೆ 86. ಯಾರೋ ಒಂದು ಚೀಟಿಯಲ್ಲಿ ಇಂಜೆಕ್ಷನ್ ಹೆಸರು ಬರೆದುಕೊಟ್ಟಿದ್ದರು. ಅಕ್ಕನ ಮಗ ಬೈಕಿನಲ್ಲಿ ಸಾಂತಾಕ್ರೂಜಿನಿಂದ ಥಾಣೆಯ ತನಕ ಅದನ್ನೇ ಹುಡುಕುತ್ತಿದ್ದ. ಅಕ್ಕ ಬಳೆ ಅಡವಿಟ್ಟಿದ್ದಳು. ಆರು ಬಾಟಲಿ ಸಿಕ್ಕಿತು. ಅಷ್ಟರಲ್ಲಿ ಇನ್ನೂ ಒಂದು ದಿನ ಕಳೆದು ಅಂಕಿ 78ಕ್ಕೆ ಬಂದಿತ್ತು. ಭಾವನಿಗೆ ಆ ಹೊತ್ತು ಬೇಕಾಗಿದ್ದುದು ಆಮ್ಲಜನಕ ಇರುವ ಒಂದು ಹಾಸಿಗೆ. ಅದನ್ನು ಹುಡುಕಲು ವಾರ್ಡ್ ವಾರ್ ರೂಮಿಗೆ ಯಾರೂ ಫೋನ್ ಮಾಡಿರಲಿಲ್ಲ, ಎಲ್ಲರೂ ಇಂಜೆಕ್ಷನ್ ಹಿಂದೆ ಇದ್ದರು. ನನ್ನ ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಕೊನೆಗೆ ವಾರ್ ರೂಮಿನ ಮೂಲಕ ನಡುರಾತ್ರಿ ಬೇರೊಂದು ಕಡೆ ಸಿಕ್ಕಿತು. ಮೂರನೆಯ ದಿನ ವೆಂಟಿಲೇಟರ್. ಹದಿಮೂರನೆಯ ದಿನ ತೀರಿಕೊಂಡರು.

ಎರಡು ದಿನ ಮೊದಲೇ ಹೋಗಿದ್ದರೆ ಉಳಿಯುತ್ತಿದ್ದರೇ? ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಬೇಗ ಬಂದವರೂ ನನ್ನ ಕಣ್ಣೆದುರೇ ಹೋಗಿದ್ದಾರೆ. ಆದರೆ ಆ ಎರಡು ದಿನ ಅವರಿಗೆ ಸಲ್ಲಬೇಕಾಗಿದ್ದ ದಿನಗಳು, ಅದನ್ನು ನಾವು ಕಳೆದೆವು. ಅದರಲ್ಲಿ ಒಂದು ರಾತ್ರಿ ನನ್ನದು.

ಆ ಐಸಿಯುನಲ್ಲಿ ಒಬ್ಬ ಸಿಸ್ಟರ್ ಇದ್ದಳು. ನಳಿಗೆ ಹಾಕುವ ಮೊದಲು ತನ್ನ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಭಾವನ ಕಿವಿಗೆ ಹಿಡಿದು ಅಕ್ಕನ ಜೊತೆ ಮಾತಾಡಿಸಿದಳು. ಅಕ್ಕ ಮಾತಾಡಿದ್ದು ತುಳುವಿನಲ್ಲಿ. ಆ ಹುಡುಗಿಗೆ ಒಂದು ಶಬ್ದವೂ ಅರ್ಥವಾಗಿರಲಿಕ್ಕಿಲ್ಲ. ಆದರೂ ಮುಗಿಯುವ ತನಕ ಹಿಡಿದೇ ಇದ್ದಳು. ಅವಳ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಈ ಶಾಲು ಅವಳಿಗೂ ಸೇರಬೇಕು.

ಇನ್ನು ಹಣದ ವಿಷಯಕ್ಕೆ ಬರುತ್ತೇನೆ. ಐಸಿಯು ಬಿಲ್ಲು ದೊಡ್ಡದಾಗುವುದು ದಿನಗಳಿಂದ. ಮಹಾರಾಷ್ಟ್ರ ಸರಕಾರ 2020ರ ಮೇ ತಿಂಗಳಲ್ಲಿ ಖಾಸಗಿ ಆಸ್ಪತ್ರೆಗಳ ಶೇಕಡಾ 80 ಹಾಸಿಗೆಗಳಿಗೆ ದರ ನಿಗದಿ ಮಾಡಿತ್ತು. ಸಾಮಾನ್ಯ ವಾರ್ಡಿಗೆ ದಿನಕ್ಕೆ 4,000 ರೂಪಾಯಿ, ವೆಂಟಿಲೇಟರ್ ಇಲ್ಲದ ಐಸಿಯುಗೆ 7,500, ವೆಂಟಿಲೇಟರ್ ಸಹಿತ 9,000. ದುಬಾರಿ ಔಷಧಿ, ಪಿಪಿಇ ಕಿಟ್ ಮುಂತಾದವು ಬೇರೆ. ಇಪ್ಪತ್ತು ದಿನಕ್ಕೆ ಹಾಸಿಗೆಯದೇ ಲೆಕ್ಕ 1,80,000. ತಿಂಗಳಿಗೆ ಹದಿನೈದು ಸಾವಿರ ದುಡಿಯುವ ಹೋಟೆಲ್ ಕಾರ್ಮಿಕನಿಗೆ ಅದು ಒಂದು ವರ್ಷದ ಸಂಬಳ.

ಈ ಭಾರ ಇಳಿಸಲು ದಾರಿಗಳಿದ್ದವು, ಗೊತ್ತಿದ್ದವರು ಕಡಿಮೆ. ಬಾಂದ್ರಾ-ಕುರ್ಲಾ ಸಂಕೀರ್ಣದ ಜಂಬೋ ಕೇಂದ್ರ ನಮ್ಮ ಪಕ್ಕದಲ್ಲೇ ಇತ್ತು. ಅಲ್ಲಿ ಚಿಕಿತ್ಸೆಗೆ ಹಣ ಕೊಡಬೇಕಾಗಿರಲಿಲ್ಲ. ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯನ್ನು ಕೋವಿಡ್ ಕಾಲದಲ್ಲಿ ರಾಜ್ಯದ ಎಲ್ಲರಿಗೂ ವಿಸ್ತರಿಸಿದ್ದರು. ಧರ್ಮಾದಾಯ ಟ್ರಸ್ಟಿನ ಆಸ್ಪತ್ರೆಗಳಲ್ಲಿ ಶೇಕಡಾ 10 ಹಾಸಿಗೆ ಬಡವರಿಗೆ ಉಚಿತ, ಇನ್ನು ಶೇಕಡಾ 10 ದುರ್ಬಲ ವರ್ಗಕ್ಕೆ ರಿಯಾಯಿತಿ ದರದಲ್ಲಿ ಎಂಬ ನಿಯಮ ಕೋವಿಡ್‌ಗಿಂತ ಮೊದಲೂ ಇತ್ತು, ಈಗಲೂ ಇದೆ. ಅದಕ್ಕೆ ರೇಷನ್ ಕಾರ್ಡ್, ಆದಾಯದ ದಾಖಲೆ, ಆಧಾರ್ ಬೇಕು. ದಾಖಲಾದ ದಿನವೇ ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಕೇಳಬೇಕು. ಬಿಲ್ಲು ಕೈಗೆ ಬಂದ ಮೇಲೆ ಕೇಳಿದರೆ ಕಷ್ಟ. ನಮ್ಮ ಎಷ್ಟೋ ಮಂದಿಯ ರೇಷನ್ ಕಾರ್ಡ್ ಊರಿನಲ್ಲಿ, ಆಧಾರ್ ಒಂದು ವಿಳಾಸದಲ್ಲಿ, ವಾಸ ಇನ್ನೊಂದು ಕಡೆ. ಕಾಯಿಲೆ ಬರುವ ಮೊದಲೇ ಇದನ್ನು ಸರಿಮಾಡಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಐಸಿಯುನಿಂದ ಹೊರಬಂದ ಮೇಲೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಕುಂದಾಪುರದ ಕಡೆಯ ಒಬ್ಬ ಹೋಟೆಲ್ ಕ್ಯಾಷಿಯರ್ ದಾಖಲಾಗಿದ್ದರು. ಇಪ್ಪತ್ನಾಲ್ಕು ದಿನ ಐಸಿಯು, ಅದರಲ್ಲಿ ಹದಿನೇಳು ದಿನ ವೆಂಟಿಲೇಟರ್. ಎಷ್ಟು ಸಲ ಮಗುಚಿದೆವೋ ಲೆಕ್ಕವಿಲ್ಲ. ಬದುಕಿದರು. ಚಪ್ಪಾಳೆ ತಟ್ಟಿ ಕಳುಹಿಸಿದೆವು, ಫೋಟೋ ತೆಗೆದೆವು. ಮನೆಗೆ ಹೋದರೆ ನೀರಿನ ಲೋಟ ಎತ್ತಲು ಕೈಯಲ್ಲಿ ಶಕ್ತಿಯಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು. ರಾತ್ರಿ ಯಾರೋ ಕಟ್ಟಿಹಾಕಿದ ಹಾಗೆ ಕನಸು. ನೋಟು ಎಣಿಸುವಾಗ ಲೆಕ್ಕ ತಪ್ಪುವುದು. ತಿಂಗಳುಗಟ್ಟಲೆ ಮಲಗಿದವರ ಸ್ನಾಯು, ಮನಸ್ಸು ಎರಡೂ ಸೊರಗುತ್ತವೆ, ಇದು ಐಸಿಯುನ ನಂತರ ಬಹಳ ಮಂದಿಗೆ ಆಗುವಂಥದ್ದು. ಐದು ತಿಂಗಳು ದುಡಿಮೆ ಇಲ್ಲ. ಆಗ ಈ ಸಂಘದ ನೆರವು ನಿಧಿಯಿಂದ ಫಿಸಿಯೋಥೆರಪಿಗೆ, ಒಂದಷ್ಟು ಮನೆ ಬಾಡಿಗೆಗೆ ಹಣ ಕೊಟ್ಟರು. ದೊಡ್ಡ ಮೊತ್ತ ಅಲ್ಲ. ಆದರೆ ಹದಿನೇಳು ದಿನ ನಾವು ಹಿಡಿದು ನಿಲ್ಲಿಸಿದ ಜೀವ ಮನೆಯಲ್ಲಿ ಬಿದ್ದುಹೋಗದ ಹಾಗೆ ನೋಡಿಕೊಂಡದ್ದು ಅದೇ. ಅವರು ಈಗ ಪುನಃ ಗಲ್ಲೆಯಲ್ಲಿ ಕೂರುತ್ತಾರೆ. ಇವತ್ತು ಈ ಸಭೆಗೂ ಬಂದಿದ್ದಾರೆ. ಎದ್ದು ನಿಲ್ಲಿ ಎಂದು ಹೇಳಿ ಅವರಿಗೆ ಮುಜುಗರ ಮಾಡುವುದಿಲ್ಲ.

ಹಾಗಾಗಿ ಸಮಿತಿಯ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಯಾರಾದರೂ ನೆರವು ಕೇಳಿ ಫೋನ್ ಮಾಡಿದರೆ ಮೊದಲು ಕೇಳಬೇಕಾದದ್ದು "ಈಗ ಆಮ್ಲಜನಕ ಎಷ್ಟಿದೆ, ಯಾರು ನೋಡಿದರು" ಎಂದು. "ಎಷ್ಟು ಹಣ ಬೇಕು" ಎನ್ನುವುದು ಆಮೇಲೆ. ಹೆಸರು ಕೇಳಿ ಇಂಜೆಕ್ಷನ್‌ಗೆ ಹಣ ಕೊಡಬೇಡಿ, ಚಿಕಿತ್ಸೆ ಕೊಡುತ್ತಿರುವ ವೈದ್ಯರಲ್ಲಿ ವಿಚಾರಿಸಿ ಕೊಡಿ. ದಾಖಲೆ ಪತ್ರ ಬಲ್ಲ, ಮರಾಠಿ ಚೆನ್ನಾಗಿ ಮಾತಾಡುವ ಇಬ್ಬರು ಕಾರ್ಯಕರ್ತರು ಮೊದಲ ದಿನವೇ ಆಸ್ಪತ್ರೆಗೆ ಹೋಗಲಿ. ಅವರ ಓಡಾಟದಿಂದ ಉಳಿಯುವ ಹಣ ಎಷ್ಟೋ ದಾನಕ್ಕಿಂತ ದೊಡ್ಡದು. ನಿಧಿಯ ಒಂದು ಪಾಲನ್ನು ಮನೆಗೆ ಬಂದವರ ಚೇತರಿಕೆಗೆಂದೇ ತೆಗೆದಿಡಿ. ಸಂಘದಲ್ಲಿ ಆಕ್ಸಿಮೀಟರ್‌ಗಳು, ಆಮ್ಲಜನಕದ ಕಾನ್ಸನ್‌ಟ್ರೇಟರ್‌ಗಳು ಇದ್ದರೆ ಕೊರೊನಾಕ್ಕೆ ಮಾತ್ರ ಅಲ್ಲ, ನಾಳೆ ನ್ಯುಮೋನಿಯಾ, ಉಬ್ಬಸ ಇದ್ದವರಿಗೂ ಬೇಕಾಗುತ್ತವೆ. ಬ್ಯಾಟರಿ ಮಾತ್ರ ತೆಗೆದಿಟ್ಟುಕೊಳ್ಳಿ.

ದಾನಿಗಳಿಗೆ ಒಂದು ಮಾತು. ನೀವು ಕೊಡುವ ಹಣಕ್ಕೆ ಯಂತ್ರವನ್ನೋ ಹೆಸರಿನ ಫಲಕವನ್ನೋ ತೋರಿಸಲು ಸಾಧ್ಯವಾಗದೆ ಇರಬಹುದು. ಯಾರೋ ಒಬ್ಬರಿಗೆ ಅದು ನಾಲ್ಕು ದಿನ ಆಗಿರುತ್ತದೆ. ಆ ನಾಲ್ಕು ದಿನದಲ್ಲಿ ಶ್ವಾಸಕೋಶ ತೆರೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ತೆರೆದುಕೊಳ್ಳದೆ ಹೋದದ್ದನ್ನೂ ನೋಡಿದ್ದೇನೆ. ಕೊಡುವ ಹೊತ್ತಿಗೆ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದೆಯೇ ಕೊಡಬೇಕು, ನಾವು ಗೊತ್ತಿಲ್ಲದೆಯೇ ಮಗುಚಿ ಮಲಗಿಸುವ ಹಾಗೆ.

ಕೊನೆಯದಾಗಿ ಒಂದೇ ಕೋರಿಕೆ. ಮನೆಯಲ್ಲಿ ಯಾರಾದರೂ "ಮೆಷಿನ್ 91 ತೋರಿಸ್ತದೆ" ಅಂದರೆ, ಎಷ್ಟೇ ಸುಸ್ತಾಗಿರಲಿ, ಬೆರಳು ಉಜ್ಜಿಸಿ, ಅವರ ಜೊತೆ ಫೋನಿನಲ್ಲೇ ನಿಲ್ಲಿ. ಎರಡನೆಯ ಅಂಕಿ ಕೇಳಿಯೇ ಫೋನ್ ಇಡಿ.



(ಈ ಭಾಷಣದ ನಂತರ ಸಮಿತಿಯು ಸಭೆ ಸೇರಿ, ವೈದ್ಯಕೀಯ ನೆರವು ನಿಧಿಯಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದವರ ಚೇತರಿಕೆಗಾಗಿ ಪ್ರತ್ಯೇಕ ಪಾಲು ಮೀಸಲಿಡಲು ನಿರ್ಧರಿಸಿದೆ. ನಿಧಿಗೆ ದೇಣಿಗೆ ನೀಡಬಯಸುವವರು, ಆಸ್ಪತ್ರೆಗಳಲ್ಲಿ ದಾಖಲೆಪತ್ರದ ಕೆಲಸಕ್ಕೆ ನೆರವಾಗಲು ಸಮಯ ಕೊಡಬಲ್ಲ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕಾಗಿ ವಿನಂತಿ. ಹಣ ಕೊಡಲಾಗದವರು ಸಮಯ ಕೊಟ್ಟರೂ ಅದು ದೇಣಿಗೆಯೇ.)